ಸೀಸ್ಟಾರ್ ಎಸ್50: ತಾರಸಿಯಿಂದ ನೀಹಾರಿಕೆ ಹಿಡಿಯಲು ಹೊರಟವರಿಗೆ

ಸೀಸ್ಟಾರ್ ಎಸ್50ರಲ್ಲಿ ಕಣ್ಣಿಟ್ಟು ನೋಡುವ ಐಪೀಸ್ ಇಲ್ಲ. ಕೊಳ್ಳುವ ಮುಂಚೆ ಮನೆಯವರಿಗೆ, ಅದರಲ್ಲೂ ಮಕ್ಕಳಿಗೆ, ಇದನ್ನು ಹೇಳಿಬಿಡುವುದು ಒಳ್ಳೆಯದು. ಚೀನಾದ ಝಡ್‌ಡಬ್ಲ್ಯೂಒ ಕಂಪನಿ 2023ರಲ್ಲಿ ಮಾರುಕಟ್ಟೆಗೆ ಬಿಟ್ಟ ಈ ಎರಡೂವರೆ ಕೆಜಿಯ ಪೆಟ್ಟಿಗೆ ಹೆಸರಿಗೆ ದೂರದರ್ಶಕ, ಕೆಲಸದಲ್ಲಿ ಕ್ಯಾಮೆರಾ. ಗುರಿಯನ್ನು ತಾನೇ ಹುಡುಕಿ, ತಾನೇ ಫೋಕಸ್ ಮಾಡಿ, ಹತ್ತು ಹತ್ತು ಸೆಕೆಂಡಿನ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಫೋನಿಗೆ ಕಳಿಸುತ್ತದೆ. ಉಂಗುರ ಸಮೇತ ಶನಿಯನ್ನು ತೋರಿಸಿ ಅಕ್ಕಪಕ್ಕದವರನ್ನು ಬೆರಗುಗೊಳಿಸುವ ಆಸೆಯಿದ್ದರೆ ಇದು ಬೇಡ. ಗುರು ಗ್ರಹ ಹತ್ತಿರ ಬಂದಾಗಲೂ ಇದರ ಸೆನ್ಸರ್ ಮೇಲೆ ಇಪ್ಪತ್ತು ಪಿಕ್ಸೆಲ್ ಅಗಲದ ಬೊಟ್ಟು, ಅಷ್ಟೇ. ನೀಹಾರಿಕೆಗಳ ಮಾತೇ ಬೇರೆ. ಅವು ಅನಿಲ, ದೂಳಿನ ಮೋಡಗಳು; ದೊಡ್ಡವು, ಮಂಕಾದವು. ಅವಕ್ಕೆ ಬೇಕಾದ್ದು ಹಿಗ್ಗಿಸುವ ಶಕ್ತಿಯಲ್ಲ, ಅಗಲವಾದ ನೋಟ ಮತ್ತು ಗಂಟೆಗಟ್ಟಲೆ ಬೆಳಕು ಕೂಡಿಡುವ ತಾಳ್ಮೆ. ಆ ತಾಳ್ಮೆಯನ್ನು ಯಂತ್ರಕ್ಕೆ ಒಪ್ಪಿಸಿ ನೀವು ಕೆಳಗೆ ಹೋಗಿ ಊಟ ಮಾಡಿ ಬರಬಹುದು ಎಂಬುದೇ ಇದರ ದೊಡ್ಡ ಆಕರ್ಷಣೆ.

ಆದರೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕ, ಯುರೋಪಿನ ಆಕಾಶಕ್ಕೆ ಬರೆದವು. ಹದಿಮೂರು ಡಿಗ್ರಿ ಅಕ್ಷಾಂಶದ ಆಸುಪಾಸಿನ ಬೆಂಗಳೂರು, ಮೈಸೂರು, ಮಂಗಳೂರಿಗೆ ಅವನ್ನು ಹಾಗೇ ತಂದರೆ ಕೆಲವು ಕಡೆ ಕೈಕೊಡುತ್ತವೆ. ಯಾಕೆ ಎಂದು ಮುಂದೆ ನೋಡೋಣ. ಮೊದಲು ಒಳಗೇನಿದೆ ಎಂಬುದು ತಿಳಿಯಲಿ.

ಲೆನ್ಸ್ 50 ಮಿ.ಮೀ. ಅಗಲದ, ಮೂರು ಗಾಜಿನ ಅಪೋಕ್ರೋಮ್ಯಾಟಿಕ್, ಅಂದರೆ ಬಣ್ಣಗಳು ಚದುರದಂತೆ ಒಂದೇ ಕಡೆ ಸೇರಿಸುವಂಥದ್ದು. ಸಂಗಮದೂರ (ಫೋಕಲ್ ಲೆಂಗ್ತ್) 250 ಮಿ.ಮೀ., ಅಂದರೆ ಲೆನ್ಸ್ ಅಗಲದ ಐದು ಪಟ್ಟು, ಎಫ್/5. ಹಿಂದೆ ಸೋನಿ ಐಎಂಎಕ್ಸ್462 ಸೆನ್ಸರ್: 1920×1080 ಪಿಕ್ಸೆಲ್, ಒಂದೊಂದೂ 2.9 ಮೈಕ್ರಾನ್. ಲೆಕ್ಕ ಹಾಕಿದರೆ ಒಂದು ಪಿಕ್ಸೆಲ್‌ಗೆ 2.4 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್), ಇಡೀ ಚೌಕಟ್ಟು ಎತ್ತರದಲ್ಲಿ 1.28 ಡಿಗ್ರಿ, ಅಗಲದಲ್ಲಿ 0.72 ಡಿಗ್ರಿ. ಎರಡು ಮೆಗಾಪಿಕ್ಸೆಲ್ ಎಂದರೆ ಇವತ್ತಿನ ಫೋನುಗಳ ಮುಂದೆ ನಗೆಪಾಟಲು ಅನ್ನಿಸಬಹುದು. 50 ಮಿ.ಮೀ. ಲೆನ್ಸ್ ಬಿಡಿಸಬಲ್ಲ ವಿವರವೇ 2.3 ಆರ್ಕ್‌ಸೆಕೆಂಡಿನ ಆಸುಪಾಸು, ಹಾಗಾಗಿ ಪಿಕ್ಸೆಲ್ ಇನ್ನೂ ಸಣ್ಣದಿದ್ದರೆ ಹೆಚ್ಚೇನೂ ದಕ್ಕುತ್ತಿರಲಿಲ್ಲ. ನಿಜವಾದ ಕೊರತೆ ಸೆನ್ಸರ್‌ನ ವಿಸ್ತಾರದ್ದು. ಅಗಲ ಮುಕ್ಕಾಲು ಡಿಗ್ರಿಗೂ ಕಡಿಮೆ. ರೋಸೆಟ್ ನೀಹಾರಿಕೆಯ ಅಡ್ಡಳತೆ ಒಂದು ಡಿಗ್ರಿಗೂ ಮಿಗಿಲು. ಇನ್ನೊಂದು ತುದಿಯಲ್ಲಿ, ಲೈರಾ ಪುಂಜದ ಉಂಗುರ ನೀಹಾರಿಕೆ ಎಂ57 (ಎಂ ಎಂದರೆ ಮೆಸ್ಸಿಯೆ ಪಟ್ಟಿಯ ಸಂಖ್ಯೆ) ಬರೀ 35 ಪಿಕ್ಸೆಲ್ ಉದ್ದ. ನಡುವಿನ ಗಾತ್ರದವೇ ಇದಕ್ಕೆ ಹೇಳಿ ಮಾಡಿಸಿದವು: ಎಂ8, ಎಂ16, ಎಂ17, ಎಂ20, ಎಂ27, ಕುದುರೆತಲೆ ಮತ್ತು ಜ್ವಾಲೆ ನೀಹಾರಿಕೆಗಳು, ಮತ್ತೆ ಎಲ್ಲರ ಮೊದಲ ಗುರಿಯಾದ, ಮಹಾವ್ಯಾಧ (ಓರಯನ್) ಪುಂಜದ ಎಂ42.

ಇದೇ ಕೆಲಸವನ್ನು ಬಿಡಿಬಿಡಿಯಾಗಿ ಕಟ್ಟಿಕೊಳ್ಳಲು ಹೊರಟರೆ ಟ್ರ್ಯಾಕಿಂಗ್ ಮೌಂಟ್ (ಆಕಾಶದ ಜೊತೆ ತಿರುಗುವ ಪೀಠ), 60 ಮಿ.ಮೀ. ದೂರದರ್ಶಕ, ಕ್ಯಾಮೆರಾ, ಗುರಿ ತಪ್ಪದಂತೆ ಕಾಯುವ ಗೈಡ್ ಕ್ಯಾಮೆರಾ, ಫಿಲ್ಟರ್, ಲೆನ್ಸಿಗೆ ಮಂಜು ಕೂರದಂತೆ ಬಿಸಿ ಮಾಡುವ ಡ್ಯೂ ಹೀಟರ್, ಇದನ್ನೆಲ್ಲ ನಡೆಸಲು ಲ್ಯಾಪ್‌ಟಾಪ್ ಅಥವಾ ಕಂಟ್ರೋಲರ್ ಬೇಕು. ಸೀಸ್ಟಾರ್‌ನ ಬೆಲೆಗೆ ಆ ಪಟ್ಟಿಯಲ್ಲಿ ಒಂದು ಒಳ್ಳೆಯ ಮೌಂಟ್ ಬಂದರೆ ಹೆಚ್ಚು. ಭಾರತದ ಬೆಲೆಯನ್ನು ಇಲ್ಲಿ ಬರೆಯುತ್ತಿಲ್ಲ. ಡಾಲರ್, ಆಮದು ಸುಂಕ ಎರಡೂ ಸೇರಿ ಇವತ್ತು ಬರೆದ ಅಂಕಿಯನ್ನು ಮುಂದಿನ ತಿಂಗಳೇ ಹಳಸಿಬಿಡುತ್ತವೆ. ಕೊಳ್ಳುವಾಗ ಭಾರತದಲ್ಲಿ ವಾರಂಟಿ ಯಾರು ಕೊಡುತ್ತಾರೆ ಎಂದು ಬರವಣಿಗೆಯಲ್ಲೇ ಕೇಳಿ. ಗೇರು ಕೆಟ್ಟರೆ ಬೀದಿ ಕೊನೆಯ ಕ್ಯಾಮೆರಾ ರಿಪೇರಿಯವರು ಸರಿಮಾಡುವ ವಸ್ತು ಇದಲ್ಲ.

ಬೀದಿದೀಪದ ಕೆಳಗೆ ಫಿಲ್ಟರ್ ಎಷ್ಟು ಕೆಲಸ ಮಾಡುತ್ತದೆ

ಒಳಗೇ ಒಂದು ಜೋಡಿಪಟ್ಟಿ ಫಿಲ್ಟರ್ ಇದೆ, ಆ್ಯಪ್‌ನಲ್ಲಿ ಅದರ ಹೆಸರು ಎಲ್‌ಪಿ. ನೀಹಾರಿಕೆಯ ಹೈಡ್ರೋಜನ್ ಸೂಸುವ 656.3 ನ್ಯಾನೋಮೀಟರ್‌ನ ಕೆಂಪು ಮತ್ತು ಆಮ್ಲಜನಕ ಸೂಸುವ 500.7ರ ಹಸಿರು-ನೀಲಿಯ ಸುತ್ತ ಎರಡು ಕಿಂಡಿ ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಕೆಂಪಿನ ಕಿಂಡಿ ಸುಮಾರು 20 ನ್ಯಾನೋಮೀಟರ್, ಹಸಿರಿನದು ಸುಮಾರು 30. ಬಿಡಿಯಾಗಿ ಸಿಗುವ ಒಳ್ಳೆಯ ಫಿಲ್ಟರ್‌ಗಳಲ್ಲಿ ಇದೇ ಕಿಂಡಿ 7, 5, 3ಕ್ಕೂ ಇಳಿಯುತ್ತದೆ. ಹಾಗಾಗಿ ಪವಾಡ ನಿರೀಕ್ಷಿಸಬೇಡಿ. ಹಳೆಯ ಹಳದಿ ಸೋಡಿಯಂ ದೀಪಗಳ ಬೆಳಕು ಹೆಚ್ಚಾಗಿ ಈ ಎರಡು ಕಿಂಡಿಗಳ ನಡುವೆ ಬೀಳುತ್ತಿತ್ತು, ಫಿಲ್ಟರ್ ಸಲೀಸಾಗಿ ತಡೆಯುತ್ತಿತ್ತು. ಈಗಿನ ಬಿಳಿ ಎಲ್‌ಇಡಿ ಎಲ್ಲ ಬಣ್ಣವನ್ನೂ ಚೆಲ್ಲುತ್ತದೆ. ಒಂದಷ್ಟು ಕಿಂಡಿಯೊಳಗೆ ನುಸುಳಿಯೇ ನುಸುಳುತ್ತದೆ. ಆದರೂ ನಗರದೊಳಗೆ ಹೊಳೆಯುವ ಅನಿಲದ ನೀಹಾರಿಕೆಗಳಿಗೆ ಇದನ್ನು ಹಾಕದೆ ಚಿತ್ರ ತೆಗೆಯುವುದು ಸಮಯ ದಂಡ.

ಎಲ್ಲ ನೀಹಾರಿಕೆಗೂ ಹಾಕುವುದು ಅಷ್ಟೇ ದೊಡ್ಡ ತಪ್ಪು. ಕೃತ್ತಿಕೆಯ ಸುತ್ತಲಿನ ನೀಲಿ ಮಬ್ಬು, ಮಹಾವ್ಯಾಧದ ಎಂ78 ಇವು ತಾವಾಗಿ ಹೊಳೆಯುವುದಿಲ್ಲ, ಹತ್ತಿರದ ನಕ್ಷತ್ರದ ಬೆಳಕನ್ನು ಚದುರಿಸುತ್ತವೆ ಅಷ್ಟೇ. ಆ ಬೆಳಕಿನಲ್ಲಿ ಎಲ್ಲ ಬಣ್ಣವೂ ಇದೆ; ಫಿಲ್ಟರ್ ಹಾಕಿದರೆ ಬೇಡದ ಬೆಳಕಿನ ಜೊತೆ ಬೇಕಾದದ್ದೂ ಹೋಗುತ್ತದೆ. ಇಂಥವಕ್ಕೆ ಫಿಲ್ಟರ್ ತೆಗೆದು, ಚಂದ್ರನಿಲ್ಲದ ರಾತ್ರಿ ಊರಾಚೆ ಹೋಗುವುದೊಂದೇ ದಾರಿ. ಮಹಾವ್ಯಾಧದ ಎಂ42 ಎರಡೂ ಬಗೆಯದು: ಕೆಂಪು ರೆಕ್ಕೆಗಳು ಹೈಡ್ರೋಜನ್, ಮೇಲುಗಡೆಯ ರನ್ನಿಂಗ್ ಮ್ಯಾನ್ ನೀಲಿ ಪ್ರತಿಫಲನ. ಎಲ್‌ಪಿ ಹಾಕಿ ತೆಗೆದವರು ರನ್ನಿಂಗ್ ಮ್ಯಾನ್ ಬರಲಿಲ್ಲ ಎಂದು ಗೋಳಾಡುವುದು ಇದಕ್ಕೇ.

ಚೌಕಟ್ಟು ತಿರುಗುವ ಗೋಳು

ಈಗ ಅಸಲು ವಿಷಯ. ಸೀಸ್ಟಾರ್ ಎರಡೇ ದಿಕ್ಕಿನಲ್ಲಿ ಚಲಿಸುತ್ತದೆ, ಅಡ್ಡಕ್ಕೆ ಮತ್ತು ಮೇಲಕ್ಕೆ. ಆಕಾಶ ಮಾತ್ರ ಧ್ರುವದ ಸುತ್ತ ಓರೆಯಾಗಿ ತಿರುಗುತ್ತದೆ. ಗುರಿ ಚೌಕಟ್ಟಿನ ನಡುವೆಯೇ ನಿಂತಿದ್ದರೂ ಅದರ ಸುತ್ತಲಿನ ನಕ್ಷತ್ರಗಳು ಮೆಲ್ಲಗೆ ಗಿರಕಿ ಹೊಡೆಯುತ್ತವೆ. ಇದನ್ನು ಫೀಲ್ಡ್ ರೊಟೇಶನ್ ಎನ್ನುತ್ತಾರೆ. ಎಷ್ಟು ಜೋರಾಗಿ ತಿರುಗುತ್ತದೆ ಎಂಬುದು ಊರಿನ ಅಕ್ಷಾಂಶ, ಗುರಿಯ ದಿಕ್ಕು ಮತ್ತು ಎತ್ತರದ ಮೇಲೆ ನಿಂತಿದೆ. ಸಮಭಾಜಕಕ್ಕೆ ಹತ್ತಿರ ಇದ್ದಷ್ಟೂ ಹೆಚ್ಚು, ನೆತ್ತಿಗೆ ಹತ್ತಿರ ಬಂದಷ್ಟೂ ಇನ್ನೂ ಹೆಚ್ಚು, ನೇರ ಪೂರ್ವ ಅಥವಾ ನೇರ ಪಶ್ಚಿಮದಲ್ಲಿ ಸೊನ್ನೆ.

ಬೆಂಗಳೂರಿನ ಲೆಕ್ಕ ನೋಡಿ. ಎಂ42 ದಕ್ಷಿಣದಲ್ಲಿ ತನ್ನ ಗರಿಷ್ಠ ಎತ್ತರಕ್ಕೆ, ಸುಮಾರು 72 ಡಿಗ್ರಿಗೆ, ಬಂದಾಗ ಚೌಕಟ್ಟು ಗಂಟೆಗೆ 46 ಡಿಗ್ರಿ ವೇಗದಲ್ಲಿ ತಿರುಗುತ್ತಿರುತ್ತದೆ. ಹತ್ತು ಸೆಕೆಂಡಿನ ಒಂದು ಚಿತ್ರದಲ್ಲೇ ಮೂಲೆಯ ನಕ್ಷತ್ರ ಎರಡೂವರೆ ಪಿಕ್ಸೆಲ್ ಎಳೆದುಕೊಳ್ಳುತ್ತದೆ. 30 ಸೆಕೆಂಡ್ ಇಟ್ಟರೆ ಏಳು ಪಿಕ್ಸೆಲ್ ದಾಟುತ್ತದೆ. ನಕ್ಷತ್ರ ಹೋಗಿ ಅಕ್ಕಿಕಾಳಾಗುತ್ತದೆ. ಅದೇ ಎಂ42 ಪೂರ್ವದಲ್ಲಿ 45 ಡಿಗ್ರಿ ಎತ್ತರದಲ್ಲಿದ್ದಾಗ ವೇಗ ಗಂಟೆಗೆ 8 ಡಿಗ್ರಿಗೂ ಕಡಿಮೆ. ಹತ್ತು ಸೆಕೆಂಡಿಗೆ ಅರ್ಧ ಪಿಕ್ಸೆಲ್ ಕೂಡ ಆಗದು. 30 ಸೆಕೆಂಡಿಗೂ ಒಂದು ಪಿಕ್ಸೆಲ್ ಚಿಲ್ಲರೆ.

'ಗುರಿ ನೆತ್ತಿಗೆ ಬರುವವರೆಗೆ ಕಾಯಿರಿ, ಅಲ್ಲಿ ಗಾಳಿಯ ಪದರ ತೆಳು' ಎಂಬ ಪುಸ್ತಕದ ಸಲಹೆ ನಮ್ಮಲ್ಲಿ ಕೈಕೊಡುವುದು ಇಲ್ಲಿ. ನಮ್ಮ ಅಕ್ಷಾಂಶದಲ್ಲಿ ನಕ್ಷತ್ರಗಳು ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತವೆ. ಹಾಗಾಗಿ ಮಹಾವ್ಯಾಧದಂಥ ಪುಂಜ ಸಾಕಷ್ಟು ಎತ್ತರಕ್ಕೆ ಬಂದರೂ ಪೂರ್ವ ದಿಕ್ಕನ್ನು ಬಿಟ್ಟು ಹೆಚ್ಚು ಸರಿದಿರುವುದಿಲ್ಲ. 30ರಿಂದ 60 ಡಿಗ್ರಿ ಎತ್ತರದ ನಡುವೆ ಪೂರ್ವದಲ್ಲಿ ಎರಡೂ ಕಾಲು ಗಂಟೆ, ಮತ್ತೆ ಪಶ್ಚಿಮದಲ್ಲಿ ಅಷ್ಟೇ ಹೊತ್ತು ಸಿಗುತ್ತದೆ. ಡಿಸೆಂಬರ್ ಮಧ್ಯದಲ್ಲಾದರೆ ರಾತ್ರಿ ಎಂಟೂವರೆಯಿಂದ ಹತ್ತೂ ಮುಕ್ಕಾಲರವರೆಗೆ. ಮೂಲೆಯ ನಕ್ಷತ್ರಗಳಷ್ಟೇ ಅಲ್ಲ, ಪೇರಿಸಿದ ಚಿತ್ರದ ವಿಸ್ತಾರವೂ ಇದರಿಂದ ಉಳಿಯುತ್ತದೆ. ಪೂರ್ವದ ಆ ಎರಡೂ ಕಾಲು ಗಂಟೆಯಲ್ಲಿ ಚೌಕಟ್ಟು ಒಟ್ಟು ತಿರುಗುವುದು 20 ಡಿಗ್ರಿ. ಗರಿಷ್ಠ ಎತ್ತರದ ಹಿಂದುಮುಂದಿನ ಎರಡು ಗಂಟೆ ತೆಗೆದರೆ 78 ಡಿಗ್ರಿ. ನಿಂತ ಆಯತವನ್ನು ಅಷ್ಟು ತಿರುಗಿಸಿ ಅದರ ಮೇಲೇ ಇಟ್ಟರೆ ಎರಡಕ್ಕೂ ಸಮಾನವಾಗಿ ಉಳಿಯುವುದು ನಡುವಿನ ಚೌಕ ಮಾತ್ರ. ಮೇಲೂ ಕೆಳಗೂ ಕತ್ತರಿಗೆ ಹೋಗುತ್ತದೆ.

ರೋಸೆಟ್ ಇನ್ನೂ ಅತಿ. ಬೆಂಗಳೂರಿನಲ್ಲಿ ಅದು 82 ಡಿಗ್ರಿಗೆ ಏರುತ್ತದೆ, ಆಗ ತಿರುಗುವ ವೇಗ ಗಂಟೆಗೆ ನೂರು ಡಿಗ್ರಿ ಮೀರುತ್ತದೆ. ಪೂರ್ವದಲ್ಲಿ 45 ಡಿಗ್ರಿಯಲ್ಲಿ ಇರುವಾಗ ಬರೀ ಎರಡು ಡಿಗ್ರಿ ಚಿಲ್ಲರೆ. ಒಂದೇ ಗುರಿ, ಒಂದೇ ರಾತ್ರಿ, ಐವತ್ತು ಪಟ್ಟು ವ್ಯತ್ಯಾಸ.

ಪೂರ್ವದ ಹಾದಿಯಲ್ಲೂ ಒಂದು ತೊಡಕಿದೆ. ನಮ್ಮಲ್ಲಿ ಮಹಾವ್ಯಾಧ ಹುಟ್ಟುವುದು ಮಲಗಿಕೊಂಡು. ಎಂ42ರಿಂದ ರನ್ನಿಂಗ್ ಮ್ಯಾನ್ ಇರುವುದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ದೂರದಲ್ಲಿ, ಉತ್ತರಕ್ಕೆ. ಪುಂಜ ಮಲಗಿದಾಗ ಈ ಜೋಡಿ ಅಡ್ಡಡ್ಡಲಾಗಿ ಬೀಳುತ್ತದೆ, ಸೀಸ್ಟಾರ್‌ನ ಚೌಕಟ್ಟೋ ನಿಂತಿದೆ, ಎರಡನ್ನೂ 0.72 ಡಿಗ್ರಿ ಅಗಲದಲ್ಲಿ ತುರುಕಬೇಕು. ತುರುಕಬಹುದು, ಆದರೆ ಎರಡರ ಹೊರಅಂಚೂ ಕತ್ತರಿಸಿಹೋಗುತ್ತದೆ. ಆ್ಯಪ್‌ನ ಮೊಸಾಯಿಕ್ ಸೌಲಭ್ಯದಲ್ಲಿ ಚೌಕಟ್ಟನ್ನು ಹಿಗ್ಗಿಸಿ ಓರೆ ಮಾಡಿಕೊಂಡರೆ ಇದಕ್ಕೆ ಪರಿಹಾರ ಸಿಗುತ್ತದೆ, ಸಮಯದ ಬೆಲೆ ತೆತ್ತು: ಉದ್ದ-ಅಗಲ ಒಂದೂವರೆ ಪಟ್ಟು ಮಾಡಿದರೆ ವಿಸ್ತೀರ್ಣ 2.25 ಪಟ್ಟು, ಅದೇ ಗುಣಮಟ್ಟಕ್ಕೆ ಬೇಕಾದ ಸಮಯವೂ ಅಷ್ಟೇ ಪಟ್ಟು. ಒಂದು ಗಂಟೆ ಮಾತ್ರ ಕೈಯಲ್ಲಿದ್ದರೆ ಮೊಸಾಯಿಕ್ ತಂಟೆಗೆ ಹೋಗದೆ ಎಂ42 ಒಂದನ್ನೇ ನಡುವೆ ಇಟ್ಟುಕೊಳ್ಳಿ.

2025ರ ಸಾಫ್ಟ್‌ವೇರ್ ಬದಲಾವಣೆಯಿಂದ ಇಕ್ಯೂ ಮೋಡ್ ಬಂದಿದೆ. ಯಂತ್ರವನ್ನು ಧ್ರುವದ ಕಡೆ ವಾಲಿಸಿ ಕೂರಿಸಿದರೆ ಚೌಕಟ್ಟು ತಿರುಗುವುದೇ ನಿಲ್ಲುತ್ತದೆ. ಧ್ರುವ ನಕ್ಷತ್ರ ಕಣ್ಣಿಗೆ ಬೀಳಲೇಬೇಕೆಂದಿಲ್ಲ. ತೆರೆದಿರುವ ಆಕಾಶದ ಚಿತ್ರ ತೆಗೆದು, ನಕ್ಷತ್ರಗಳ ನಕಾಶೆಗೆ ಹೋಲಿಸಿ, ಎಷ್ಟು ತಪ್ಪಿದೆ ಎಂದು ಆ್ಯಪ್ ಹೇಳುತ್ತದೆ. ನಮ್ಮಲ್ಲಿ ಧ್ರುವ 13 ಡಿಗ್ರಿ ಎತ್ತರದಲ್ಲಿ, ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಇರುವುದರಿಂದ ಇದು ವರವೇ. ಆದರೆ ವಾಲಿಸುವುದೆಷ್ಟು? ಲಂಡನ್ನಿನವರು ನೆಟ್ಟಗಿದ್ದ ಯಂತ್ರವನ್ನು 38 ಡಿಗ್ರಿ ವಾಲಿಸಿದರೆ ಸಾಕು. ಬೆಂಗಳೂರಿನವರು 77 ಡಿಗ್ರಿ ವಾಲಿಸಬೇಕು, ಅಂದರೆ ಹೆಚ್ಚುಕಡಿಮೆ ಮಲಗಿಸಬೇಕು. ಎರಡೂವರೆ ಕೆಜಿ ಪಕ್ಕಕ್ಕೆ ಜೋತುಬೀಳುತ್ತದೆ. ಪೆಟ್ಟಿಗೆಯಲ್ಲಿ ಬರುವ ಪುಟ್ಟ ಕಾರ್ಬನ್ ಟ್ರೈಪಾಡ್ ಮೇಲೆ ಇದನ್ನು ಮಾಡಲು ಹೋದರೆ ಉತ್ತರಕ್ಕೆ ಮಗುಚುವುದು ಖಚಿತ. ಭಾರದ ಟ್ರೈಪಾಡ್, ಗಟ್ಟಿ ವಿಡಿಯೊ ಹೆಡ್ ಅಥವಾ ವೆಡ್ಜ್ (ಓರೆ ಪೀಠ) ಬೇಕು. ಟ್ರೈಪಾಡ್‌ನ ಒಂದು ಕಾಲು ಸರಿಯಾಗಿ ಉತ್ತರಕ್ಕೆ ಚಾಚಿರಬೇಕು, ನಡುಗಂಬಕ್ಕೆ ನೀರಿನ ಕ್ಯಾನ್ ಕಟ್ಟಿ ತೂಗುಬಿಡಬೇಕು. ದೂರದರ್ಶಕದ ತೋಳು ಟ್ರೈಪಾಡ್ ಕಾಲಿಗೆ ತಾಗದೆಂದು ಹಗಲಲ್ಲೇ ಒಮ್ಮೆ ಪೂರ್ತಿ ತಿರುಗಿಸಿ ನೋಡಿ. ಬಾಲ್ ಹೆಡ್ ಬೇಡ, ರಾತ್ರಿಯಿಡೀ ಕೂದಲೆಳೆಯಷ್ಟು ಜಾರುತ್ತಲೇ ಇರುತ್ತದೆ. ಇಷ್ಟೆಲ್ಲ ಖರ್ಚು, ಹೆಣಗಾಟ ಬೇಡವೆನ್ನುವವರು ಪೂರ್ವ-ಪಶ್ಚಿಮದ ಆ ಎರಡೂ ಕಾಲು ಗಂಟೆಗಳನ್ನೇ ಬಳಸಿದರೆ ಮುಕ್ಕಾಲು ಪಾಲು ಲಾಭ ಪುಕ್ಕಟೆ.

ತಾರಸಿಯ ಮೇಲೆ

ಮೊದಲು ಮಟ್ಟ. ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆಯಬೇಡಿ. ಕುಳ್ಳಗಿದ್ದಷ್ಟೂ ಗಾಳಿಗೆ ಅಲುಗುವುದು ಕಡಿಮೆ. ಆ್ಯಪ್‌ನಲ್ಲಿ ಮಟ್ಟದ ಗುಳ್ಳೆ ಅರ್ಧ ಡಿಗ್ರಿಯೊಳಗೆ ಬರುವಂತೆ ಕಾಲು ಸರಿಪಡಿಸಿ. ನಮ್ಮ ತಾರಸಿಗಳೆಲ್ಲ ಮಳೆನೀರು ಹರಿಯಲೆಂದು ಇಳಿಜಾರಾಗಿ ಇರುವುದರಿಂದ ಕಣ್ಣಂದಾಜು ಸಾಲದು. ದಿಕ್ಸೂಚಿಯ ಕ್ಯಾಲಿಬ್ರೇಶನ್ ಅನ್ನು ಕಬ್ಬಿಣದ ಕಟಕಟೆ, ಟ್ಯಾಂಕ್ ಸ್ಟ್ಯಾಂಡ್, ಹೊರಗೆ ಚಾಚಿದ ಕಂಬಿಗಳಿಂದ ನಾಲ್ಕೈದು ಹೆಜ್ಜೆ ದೂರ ಮಾಡಿ. ದಿಕ್ಕು ತುಸು ತಪ್ಪಿದರೂ ಯಂತ್ರ ನಕ್ಷತ್ರ ನೋಡಿ ತಿದ್ದಿಕೊಳ್ಳುತ್ತದೆ, ತೀರಾ ತಪ್ಪಿದರೆ ಗೋಡೆಯನ್ನೋ ಮರವನ್ನೋ ದಿಟ್ಟಿಸುತ್ತಾ ನಿಂತುಬಿಡುತ್ತದೆ.

ತಾರಸಿ ಗಟ್ಟಿ ನೆಲವಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ಕಾಂಕ್ರೀಟ್ ಹಲಗೆಯ ನಡುಭಾಗ ಒಬ್ಬರು ನಡೆದರೂ ಅಲುಗುತ್ತದೆ. ಚಿತ್ರದಲ್ಲಿ ನಕ್ಷತ್ರಗಳು ಜೋಡಿಜೋಡಿಯಾಗಿ ಕಾಣುವುದು ಇದರಿಂದ. ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಟ್ರೈಪಾಡ್ ಇಡಿ. ಟ್ಯಾಂಕಿಗೆ ನೀರೇರಿಸುವ ಮೋಟರ್ ಓಡುವಷ್ಟು ಹೊತ್ತು ತೆಗೆದ ಚಿತ್ರಗಳನ್ನು ನಂಬಬೇಡಿ. ಹಗಲಿಡೀ ಕಾದ ತಾರಸಿ ರಾತ್ರಿ ಒಂಬತ್ತು, ಹತ್ತರವರೆಗೂ ಬಿಸಿ ಉಗುಳುತ್ತಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಸಂಜೆಯೇ ಎರಡು ಬಕೆಟ್ ನೀರು ಚೆಲ್ಲಿದರೆ ಬೇಗ ತಣಿಯುತ್ತದೆ.

ಫೋಕಸ್ ತಾನೇ ಮಾಡಿಕೊಳ್ಳುತ್ತದೆ, ಆದರೆ ಒಮ್ಮೆ ಮಾಡಿಕೊಂಡರೆ ಮುಗಿಯಲಿಲ್ಲ. ಉಷ್ಣಾಂಶ ಇಳಿದಂತೆ ಕೊಳವೆ ಕುಗ್ಗುತ್ತದೆ. ಗಂಟೆಗೊಮ್ಮೆ ನಿಲ್ಲಿಸಿ ಮತ್ತೆ ಫೋಕಸ್ ಮಾಡಿಸಿ. ಐದು ನಿಮಿಷ ಹಾಳು, ಉಳಿದ ಐವತ್ತೈದು ಗಟ್ಟಿ. ಇಬ್ಬನಿ ಬೀಳುವ ತಿಂಗಳಲ್ಲಿ, ಮಲೆನಾಡಿನಲ್ಲಂತೂ ಕಡ್ಡಾಯವಾಗಿ, ಒಳಗಿನ ಡ್ಯೂ ಹೀಟರ್ ಅನ್ನು ಮೊದಲಿನಿಂದಲೇ ಹಾಕಿಡಿ. ಮಂಜು ಕೂತ ಮೇಲೆ ಹಾಕಿದರೆ ಒಣಗಲು ಬಹಳ ಹೊತ್ತು. ನಕ್ಷತ್ರಗಳ ಸುತ್ತ ಬಳೆಯಂಥ ಪ್ರಭೆ ಕಾಣುತ್ತಾ, ಸೇರುವ ಚಿತ್ರಗಳ ಎಣಿಕೆ ನಿಂತುಹೋದರೆ ಲೆನ್ಸ್ ಮೇಲೆ ಟಾರ್ಚ್ ಬಿಟ್ಟು ನೋಡಿ, ಮಂಜೇ ಇರುತ್ತದೆ. ಹೀಟರ್ ಬ್ಯಾಟರಿ ತಿನ್ನುತ್ತದೆ. ಕಂಪನಿ ಹೇಳುವ ಆರು ಗಂಟೆ ಹೀಟರ್ ಇಲ್ಲದ ಲೆಕ್ಕ. ಇಡೀ ರಾತ್ರಿಗೆ ಯುಎಸ್‌ಬಿ-ಸಿ ಪವರ್ ಬ್ಯಾಂಕ್ ಸಿಕ್ಕಿಸಿ, ವೈರು ತೋಳಿಗೆ ಸುತ್ತಿಕೊಳ್ಳದಷ್ಟು ಸಡಿಲ ಬಿಡಿ. ಎರಡು ಅಂತಸ್ತು ಕೆಳಗೆ ಯಂತ್ರದ ವೈಫೈ ತಲುಪುವುದಿಲ್ಲ. ಸ್ಟೇಶನ್ ಮೋಡ್‌ನಲ್ಲಿ ಮನೆಯ ವೈಫೈಗೆ ಸೇರಿಸಿ, ಆದರೆ ಅದು ತಾರಸಿಗೆ ಬರುತ್ತದೆಯೇ ಎಂದು ಮೊದಲೇ ಫೋನ್ ಹಿಡಿದು ನೋಡಿ.

ಎಷ್ಟು ಹೊತ್ತು, ಯಾವ ತಿಂಗಳು

ಅವಧಿಯ ಲೆಕ್ಕ ನಿಷ್ಠುರವಾದದ್ದು: ಗದ್ದಲ, ಅಂದರೆ ಚಿತ್ರದ ಮರಳುಮರಳು ಚುಕ್ಕೆ, ಅರ್ಧಕ್ಕೆ ಇಳಿಯಬೇಕಾದರೆ ಸಮಯ ನಾಲ್ಕು ಪಟ್ಟು ಬೇಕು. ಹತ್ತು ನಿಮಿಷಕ್ಕೂ ನಲವತ್ತು ನಿಮಿಷಕ್ಕೂ ಕಣ್ಣಿಗೆ ರಾಚುವ ವ್ಯತ್ಯಾಸ. ನಾಲ್ಕು ಗಂಟೆಯಿಂದ ಮುಂದಿನ ಅದೇ ಜಿಗಿತಕ್ಕೆ ಹದಿನಾರು ಗಂಟೆ. ನಗರದ ಆಕಾಶದಲ್ಲಿ ಎಂ42, ಎಂ8ಕ್ಕೆ ಮುಕ್ಕಾಲು ಗಂಟೆ ಸಾಕು. ಕುದುರೆತಲೆಗೆ ಮೂರು ಗಂಟೆ, ರೋಸೆಟ್‌ಗೆ ನಾಲ್ಕು, ಸಿಗ್ನಸ್‌ನ ವೇಲ್ ನೀಹಾರಿಕೆಗೆ ಐದಕ್ಕಿಂತ ಕಡಿಮೆಯಾದರೆ ಎಳೆಗಳು ಬಿಡಿಸಿಕೊಳ್ಳುವುದಿಲ್ಲ. ಒಂದೇ ರಾತ್ರಿ ಮುಗಿಸಬೇಕೆಂದಿಲ್ಲ, ನಾಲ್ಕು ರಾತ್ರಿಯ ಚಿತ್ರಗಳನ್ನು ಕೊನೆಗೆ ಒಟ್ಟಿಗೆ ಪೇರಿಸಬಹುದು. ಒಂದೊಂದು ಚಿತ್ರಕ್ಕೆ 10 ಸೆಕೆಂಡ್ ಇಡುವುದು ಸುರಕ್ಷಿತ. 20ಕ್ಕೆ ಏರಿಸಿದರೆ ಗೇರುಗಳ ತಪ್ಪಿನಿಂದ ಒಂದಷ್ಟು ತಿರಸ್ಕೃತವಾಗುತ್ತವೆ, 30ಕ್ಕೆ ಇನ್ನೂ ಹೆಚ್ಚು. ತಿರಸ್ಕೃತ ಚಿತ್ರಗಳು ಹತ್ತರಲ್ಲಿ ಮೂರು ದಾಟಿದರೆ 10ಕ್ಕೇ ಇಳಿಯಿರಿ.

ಧನು ರಾಶಿಯ ಎಂ8, ಎಂ20, ಎಂ17 ಸಂಜೆಯ ಆಕಾಶಕ್ಕೆ ಬರುವುದು ಸರಿಯಾಗಿ ನಮ್ಮ ಮಳೆಗಾಲಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಅಕ್ಟೋಬರ್ ಮಧ್ಯದಲ್ಲಿ ಕತ್ತಲಾದ ಮೇಲೆ ಒಂದು ಗಂಟೆಯೂ ಸಿಗುವುದಿಲ್ಲ, ಗುರಿ ಪಶ್ಚಿಮಕ್ಕೆ ಇಳಿದಿರುತ್ತದೆ. ಹಾಗಾಗಿ ಇವಕ್ಕೆ ನಿದ್ದೆ ಕೆಡಲೇಬೇಕು: ಏಪ್ರಿಲ್ ಮಧ್ಯದಲ್ಲಿ ರಾತ್ರಿ ಎರಡರಿಂದ ಐದರೊಳಗೆ. ಎಂ8 ಬೆಂಗಳೂರಿನಲ್ಲಿ 53 ಡಿಗ್ರಿಗಿಂತ ಮೇಲೇರದ ಕಾರಣ ಚೌಕಟ್ಟು ತಿರುಗುವ ಕಾಟವೂ ಮಿತವಾಗಿರುತ್ತದೆ.

ಯುರೋಪಿನವರಿಗೆ ಇಲ್ಲದ ಒಂದು ಭಾಗ್ಯ ನಮಗಿದೆ, ಕರೀನಾ ನೀಹಾರಿಕೆ. ಲಂಡನ್ನಿನಲ್ಲಿ ಅದು ಹುಟ್ಟುವುದೇ ಇಲ್ಲ. ಬೆಂಗಳೂರಿನಿಂದ ನೇರ ದಕ್ಷಿಣಕ್ಕೆ 17 ಡಿಗ್ರಿ ಎತ್ತರದಲ್ಲಿ ಹಾದುಹೋಗುತ್ತದೆ. ಚಾಮರಾಜನಗರದಲ್ಲಿ ಒಂದು ಡಿಗ್ರಿ ಹೆಚ್ಚು, ಬೀದರ್‌ನಲ್ಲಿ ಐದು ಡಿಗ್ರಿ ಕಡಿಮೆ. ಮಾರ್ಚ್ ಮಧ್ಯದಲ್ಲಿ ರಾತ್ರಿ ಹನ್ನೊಂದೂವರೆಗೆ, ಏಪ್ರಿಲ್ ಮಧ್ಯದಲ್ಲಿ ಒಂಬತ್ತೂವರೆಗೆ. ಅಷ್ಟು ತಗ್ಗಿನಲ್ಲಿ ಬೆಳಕು ನೆತ್ತಿಯಲ್ಲಿರುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಗಾಳಿ ದಾಟಿ ಬರಬೇಕು, ಆದರೂ ಅದರ ನಡುಭಾಗದ ಪ್ರಖರತೆಗೆ ಅರ್ಧ ಗಂಟೆಯಲ್ಲೇ ಚಿತ್ರ ಮೂಡುತ್ತದೆ. ಎರಡು ಡಿಗ್ರಿ ಹರಡಿರುವುದರಿಂದ ಪೂರ್ತಿ ಬೇಕೆಂದರೆ ಮೊಸಾಯಿಕ್. ನಗರದ ಉತ್ತರ ಅಂಚಿನಲ್ಲಿ ನಿಂತರೆ ಇಡೀ ಊರಿನ ಬೆಳಕು ಅಡ್ಡ ಬರುತ್ತದೆ. ಊರನ್ನು ಬೆನ್ನಿಗೆ ಹಾಕಿಕೊಂಡು ದಕ್ಷಿಣಕ್ಕೆ ಹೋಗಬೇಕು.

ಆ್ಯಪ್ ಕೊಟ್ಟ ಚಿತ್ರಕ್ಕೆ ನಿಲ್ಲಬೇಡಿ

ಸೆಟ್ಟಿಂಗ್‌ನಲ್ಲಿ ಪ್ರತಿ ಚಿತ್ರವನ್ನೂ ಉಳಿಸುವ ಆಯ್ಕೆ ಮೊದಲಿಗೆ ಆಫ್ ಆಗಿರುತ್ತದೆ. ಮೊದಲ ದಿನವೇ ಆನ್ ಮಾಡಿ. ಇಲ್ಲದಿದ್ದರೆ ಆ್ಯಪ್ ಪೇರಿಸಿದ ಒಂದು ಚಿತ್ರ ಮಾತ್ರ ಉಳಿಯುತ್ತದೆ, ಮುಂದೆ ಏನು ಮಾಡಹೊರಟರೂ ಬೇಳೆ ಬೇಯುವುದಿಲ್ಲ. ಬಿಡಿ ಚಿತ್ರ ಉಳಿಯುವ ಒಂದು ಫಿಟ್ಸ್ ಫೈಲು ಸುಮಾರು 4 ಎಂಬಿ. 10 ಸೆಕೆಂಡಿನಂತೆ ಗಂಟೆಗೆ ಹೆಚ್ಚೆಂದರೆ ಒಂದೂವರೆ ಜಿಬಿ. ಒಳಗಿನ 64 ಜಿಬಿಯಲ್ಲಿ ಹಲವು ರಾತ್ರಿ ಹಿಡಿಸುತ್ತದೆ. ಯುಎಸ್‌ಬಿ ವೈರಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಮೈವರ್ಕ್ಸ್ ಫೋಲ್ಡರ್ ಕಾಣುತ್ತದೆ. ಗುರಿಯ ಹೆಸರಿನ ಕೊನೆಗೆ 'ಸಬ್' ಎಂದು ಸೇರಿರುವ ಫೋಲ್ಡರ್‌ನಲ್ಲಿ ಬಿಡಿ ಚಿತ್ರಗಳಿರುತ್ತವೆ.

ಉಚಿತವಾಗಿ ಸಿಗುವ ಸಿರಿಲ್ ತಂತ್ರಾಂಶದಲ್ಲಿ ಸೀಸ್ಟಾರ್‌ಗೆಂದೇ ಬರೆದ ಸ್ಕ್ರಿಪ್ಟ್ ಇದೆ. ಫಿಟ್ಸ್ ಫೈಲುಗಳನ್ನಷ್ಟೇ ಲೈಟ್ಸ್ (lights) ಎಂಬ ಫೋಲ್ಡರ್‌ಗೆ ಹಾಕಿ. ಹೆಸರು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಇರಬೇಕು, ಕಾಗುಣಿತ ತಪ್ಪಿದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಡಾರ್ಕ್ ಫ್ರೇಮ್ (ಬೆಳಕು ಬೀಳದಂತೆ ತೆಗೆಯುವ ಕಪ್ಪು ಚಿತ್ರ) ಬೇರೆ ಬೇಡ, ಯಂತ್ರ ಶುರುವಿನಲ್ಲೇ ತೆಗೆದು ಕಳೆದಿರುತ್ತದೆ. ಮುಗ್ಗರಿಸುವುದು ಹಾರ್ಡ್ ಡಿಸ್ಕಿನಲ್ಲಿ: 4 ಎಂಬಿಯ ಚಿತ್ರ ಬಣ್ಣವಾಗಿ ಬಿಡಿಸಿಕೊಂಡಾಗ 32 ಬಿಟ್‌ನಲ್ಲಿ 25 ಎಂಬಿ ಆಗುತ್ತದೆ, ಹೊಂದಿಸಿದ ಪ್ರತಿ ಮತ್ತೊಂದು 25. ಏಳುನೂರು ಚಿತ್ರಕ್ಕೆ 35 ಜಿಬಿ ಖಾಲಿ ಜಾಗ ಇಟ್ಟುಕೊಂಡೇ ಶುರು ಮಾಡಿ. ಸ್ಕ್ರಿಪ್ಟ್‌ಗೆ ಕೊಡುವ ಮುಂಚೆ ಮೋಡ, ವಿಮಾನ, ಗಾಳಿಗೆ ಕೆಟ್ಟ ಚಿತ್ರಗಳನ್ನು ಕಣ್ಣಾರೆ ನೋಡಿ ಕಿತ್ತುಹಾಕಿ.

ಪೇರಿಸಿದ ಮೇಲೆ ಮೊದಲು ಅಂಚು ಕತ್ತರಿಸಿ. ತಿರುಗುವಿಕೆಯಿಂದ ಅಂಚಿನಲ್ಲಿ ಕಡಿಮೆ ಚಿತ್ರಗಳು ಬಿದ್ದಿರುತ್ತವೆ. ಅದನ್ನು ಬಿಟ್ಟು ಹಿನ್ನೆಲೆ ಸರಿಪಡಿಸಲು ಹೋದರೆ ಲೆಕ್ಕ ಅಡ್ಡದಾರಿ ಹಿಡಿಯುತ್ತದೆ. ಆಮೇಲೆ ಗ್ರಾಕ್ಸ್‌ಪರ್ಟ್ ತಂತ್ರಾಂಶದಿಂದ ನಗರದ ಬೆಳಕಿನ ಇಳಿಜಾರು ತೆಗೆಯಿರಿ, ಇದೂ ಉಚಿತ. ನಂತರ ಬಣ್ಣದ ಹೊಂದಾಣಿಕೆ, ಕೊನೆಗೆ ಸ್ಟ್ರೆಚ್, ಅಂದರೆ ಮಂಕು ಭಾಗಗಳು ಕಾಣುವಂತೆ ಬೆಳಗಿಸುವುದು. ಈ ಕ್ರಮ ತಪ್ಪಿಸಬೇಡಿ. ಸ್ಟ್ರೆಚ್ ಮಾಡಿದ ಮೇಲೆ ಬಣ್ಣ ಹೊಂದಿಸಲು ಹೋಗುವುದೆಂದರೆ ಬೆಂದ ಅನ್ನಕ್ಕೆ ಅಕ್ಕಿ ಆರಿಸಿದಂತೆ. ಎಂ42ರಲ್ಲಿ ಒಂದೇ ಏಟಿಗೆ ಸ್ಟ್ರೆಚ್ ಮಾಡಿದರೆ ನಡುವಿನ ಟ್ರೆಪೀಜಿಯಂನ ನಾಲ್ಕು ನಕ್ಷತ್ರಗಳು ಒಂದು ಬಿಳಿ ಮುದ್ದೆಯಾಗುತ್ತವೆ. ಹೈಪರ್‌ಬಾಲಿಕ್ ಸ್ಟ್ರೆಚ್ ಬಳಸಿ, ಮೂರು-ನಾಲ್ಕು ಸಣ್ಣ ಹೆಜ್ಜೆಗಳಲ್ಲಿ, ಪ್ರತಿ ಸಲ ನಡುಭಾಗವನ್ನು ದೊಡ್ಡದು ಮಾಡಿ ನೋಡುತ್ತಾ ಹೋಗಿ.

ಗದ್ದಲ ಅಳಿಸುವ ಆ್ಯಪ್‌ನ ಎಐ ಡಿನಾಯ್ಸ್ ಬಗ್ಗೆ ಎಚ್ಚರ. ಇಪ್ಪತ್ತು ನಿಮಿಷದ ಚಿತ್ರಕ್ಕೆ ಹಾಕಿದರೆ ಮೋಡದಂಥ ಅನಿಲ ಮೇಣದ ಗೊಂಬೆಯಾಗುತ್ತದೆ, ಸಣ್ಣ ನಕ್ಷತ್ರಗಳು ಮಾಯವಾಗುತ್ತವೆ. ವಾಟ್ಸ್‌ಆ್ಯಪ್‌ಗೆ ಸಾಕು, ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕುವವರಿಗೆ ಬೇಡ.

ಇದರ ತಮ್ಮ ಎಸ್30 ಇನ್ನೂ ಹಗುರ, 150 ಮಿ.ಮೀ. ಸಂಗಮದೂರದಿಂದ ಎರಡು ಡಿಗ್ರಿಗೂ ಮಿಕ್ಕಿದ ನೋಟ ಕೊಡುತ್ತದೆ. ರೋಸೆಟ್ ಮೊಸಾಯಿಕ್ ಇಲ್ಲದೆ ಹೆಚ್ಚುಕಡಿಮೆ ಕೂರುತ್ತದೆ. ಆದರೆ 30 ಮಿ.ಮೀ. ಲೆನ್ಸ್ 50ರ ಮೂರನೇ ಒಂದರಷ್ಟು ಬೆಳಕನ್ನಷ್ಟೇ ಹಿಡಿಯುತ್ತದೆ, ಎಂ20, ಎಂ27ರಂಥವು ಚಿಕ್ಕದಾಗಿಬಿಡುತ್ತವೆ. ಬೈಕಿನಲ್ಲಿ ಊರಾಚೆ ಒಯ್ಯುವವರಿಗೆ ಎಸ್30, ತಾರಸಿ ಬಿಟ್ಟು ಕದಲದವರಿಗೆ ಎಸ್50. ಈಗಾಗಲೇ ಡಿಎಸ್‌ಎಲ್‌ಆರ್ ಮತ್ತು ಒಳ್ಳೆಯ ಟೆಲಿ ಲೆನ್ಸ್ ಇರುವವರು ಎರಡನ್ನೂ ಬಿಟ್ಟು ಒಂದು ಟ್ರ್ಯಾಕಿಂಗ್ ಮೌಂಟ್ ಕೊಳ್ಳುವುದು ಜಾಣತನ. ಕಲಿಯುವ ತಲೆನೋವು ಹೆಚ್ಚು, ಸಿಗುವ ಚಿತ್ರವೂ ಹೆಚ್ಚು.

ಜೊತೆಗೆ ಬರುವ ಸೌರ ಫಿಲ್ಟರ್ ಅನ್ನು ಪೆಟ್ಟಿಗೆಯ ತಳದಲ್ಲಿ ಮರೆಯಬೇಡಿ. ಹಗಲು ಸೂರ್ಯನ ಕಡೆ ತಿರುಗಿಸುವ ಮುಂಚೆ ಅದು ಲೆನ್ಸ್ ಮೇಲೆ ಇರಲೇಬೇಕು, ಇಲ್ಲದಿದ್ದರೆ ಸೆನ್ಸರ್ ಸುಡುತ್ತದೆ. ಮಳೆಗಾಲಕ್ಕೆ ಎತ್ತಿಡುವಾಗ ಬ್ಯಾಟರಿ ಅರ್ಧದಷ್ಟು ತುಂಬಿರಲಿ, ಎರಡು ತಿಂಗಳಿಗೊಮ್ಮೆ ಮತ್ತೆ ಅರ್ಧಕ್ಕೆ ತನ್ನಿ. ಕರಾವಳಿ, ಮಲೆನಾಡಿನವರು ಫೋಮ್ ಪೆಟ್ಟಿಗೆಯಲ್ಲಿ ಹಾಗೇ ಇಡಬಾರದು, ಫೋಮ್ ತೇವ ಹೀರಿ ಲೆನ್ಸಿಗೆ ಬೂಷ್ಟು ಬರುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಕಾಲು ಕೆಜಿ ಸಿಲಿಕಾ ಜೆಲ್ ಜೊತೆ ಇಡಿ, ಹರಳುಗಳು ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ವಾಪಸ್ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ.